ಅಜ್ಜನ ಗದ್ದ, ಮೊಮ್ಮಗನ ಹಲ್ಲು

ನಾಮಕರಣದ ದಿನ ತೊಟ್ಟಿಲ ಸುತ್ತ ನೆರೆದ ಹೆಂಗಸರು ಹಾಡು ಮುಗಿಸಿದೊಡನೆ ಒಂದು ಪಂಚಾಯಿತಿ ಆರಂಭವಾಗುತ್ತದೆ. ಮೂಗು ತಂದೆಯದೇ, ಸಂಶಯವಿಲ್ಲವೆಂದು ತಂದೆಯ ತಾಯಿ ತೀರ್ಪು ಕೊಡುತ್ತಾರೆ. ಕಣ್ಣು ಮಾತ್ರ ತಮ್ಮ ಕಡೆಯದೆಂದು ತಾಯಿಯ ತಾಯಿ ತಿದ್ದುತ್ತಾರೆ. ಹಣೆ ತೀರಿಕೊಂಡ ಮುತ್ತಜ್ಜನದು. ಗದ್ದದ ಗುಳಿ ಸೋದರಮಾವನದು. ಪ್ರತಿಯೊಬ್ಬರಿಗೂ ಒಂದೊಂದು ಪಾಲು ದೊರೆತು, ಯಾರಿಗೂ ಅಸಮಾಧಾನವಿಲ್ಲದೆ, ಎಲ್ಲರೂ ಊಟಕ್ಕೆ ಏಳುತ್ತಾರೆ.

ಹನ್ನೆರಡು ವರ್ಷ ಕಳೆಯುತ್ತದೆ. ಅದೇ ಪ್ರಶ್ನೆ ಮತ್ತೆ ಏಳುತ್ತದೆ. ಆದರೆ ಈ ಬಾರಿ ದಂತವೈದ್ಯರ ಕೋಣೆಯಲ್ಲಿ. ಹುಡುಗನ ಕೆಳದವಡೆ ಮುಂದಕ್ಕೆ ಚಾಚಿದೆ. ಬಾಯಿ ಮುಚ್ಚಿದಾಗ ಮೇಲಿನ ಹಲ್ಲುಗಳು ಕೆಳಗಿನವುಗಳ ಮುಂದೆ ನಿಲ್ಲುವುದಕ್ಕೆ ಬದಲಾಗಿ ಹಿಂದೆ ಅಡಗುತ್ತವೆ. ಶಾಲೆಯಲ್ಲಿ ಒಂದು ಅಡ್ಡಹೆಸರು ಅಂಟಿಕೊಂಡಿದೆ. ಯಾರಾದರೂ ಫೋಟೋ ತೆಗೆಯಲು ಬಂದರೆ ಅವನ ಕೈ ತಾನಾಗಿಯೇ ಬಾಯಿಗೆ ಅಡ್ಡವಾಗುತ್ತದೆ. ವೈದ್ಯರು ಅವನ ಬಾಯನ್ನು ಪರೀಕ್ಷಿಸಿ, "ಮನೆಯಲ್ಲಿ ಇನ್ನಾರಿಗಾದರೂ ಹೀಗೆ ಉಂಟೆ?" ಎಂದು ವಿಚಾರಿಸುತ್ತಾರೆ. ತಾಯಿ ತಂದೆಯ ಮುಖ ನೋಡುತ್ತಾಳೆ. ತಂದೆ ಗೋಡೆಯ ಮೇಲಿನ ಪಟ ನೋಡುತ್ತಾನೆ. ಅಂದು ಪಾಲಿಗೆ ಮುಗಿಬಿದ್ದವರು ಇಂದು ಆ ಗದ್ದವನ್ನು ತಮ್ಮದೆಂದು ಹೇಳಲು ಹಿಂಜರಿಯುತ್ತಾರೆ.

ಇಂಥ ಸಂದರ್ಭದಲ್ಲಿ ತಂದೆತಾಯಿಯರ ಮನಸ್ಸನ್ನು ಕೊರೆಯುವ ಪ್ರಶ್ನೆಗಳು ಮೂರು. ಇದು ರಕ್ತದಲ್ಲೇ ಬಂದದ್ದಾದರೆ ಚಿಕಿತ್ಸೆಯಿಂದ ಫಲವೇನು? ಬಂದುದು ಯಾರಿಂದ? ಏನನ್ನಾದರೂ ಮಾಡಬೇಕಾದರೆ ಯಾವಾಗ ಮಾಡಬೇಕು? ಮೂರಕ್ಕೂ ವಿಜ್ಞಾನ ಇಂದು ಉತ್ತರ ಕೊಡುತ್ತದೆ. ಆದರೆ ಆ ಉತ್ತರ ಒಂದೇ ಮಾತಿನದಲ್ಲ. ಅದನ್ನು ತಿಳಿಯಲು ಮೊದಲು ಸ್ಪೇನ್ ದೇಶದ ಅರಮನೆಯೊಂದನ್ನು ಹೊಕ್ಕು ಬರುವುದು ಒಳ್ಳೆಯದು.

ಏಳು ತಲೆಮಾರಿನ ಚಿತ್ರಶಾಲೆ

ಸಾಮಾನ್ಯ ಕುಟುಂಬದಲ್ಲಿ ಅಜ್ಜನ ಮುಖ ಹೇಗಿತ್ತೆಂಬುದಕ್ಕೆ ಮಾಸಿದ ಭಾವಚಿತ್ರವೊಂದು ಸಿಕ್ಕರೆ ಅದೇ ಪುಣ್ಯ. ಆದರೆ ಯುರೋಪನ್ನು ಶತಮಾನಗಳ ಕಾಲ ಆಳಿದ ಹ್ಯಾಪ್ಸ್‌ಬರ್ಗ್ ರಾಜವಂಶದ ಮಾತೇ ಬೇರೆ. ತಲೆಮಾರು ತಲೆಮಾರುಗಳ ಮುಖವನ್ನು ಆಯಾ ಕಾಲದ ಶ್ರೇಷ್ಠ ಚಿತ್ರಕಾರರು ಬಣ್ಣದಲ್ಲಿ ಬರೆದಿಟ್ಟಿದ್ದಾರೆ. ಮೊದಲನೆಯ ಮ್ಯಾಕ್ಸಿಮಿಲಿಯನ್ ಚಕ್ರವರ್ತಿಯನ್ನು ಬರೆದವನು ಡ್ಯೂರರ್. ಮೊಮ್ಮಗ ಐದನೆಯ ಚಾರ್ಲ್ಸನನ್ನು ಬರೆದವನು ಟಿಷಿಯನ್. ಮುಂದೆ ನಾಲ್ಕನೆಯ ಫಿಲಿಪನನ್ನು ಯೌವನದಿಂದ ಮುಪ್ಪಿನವರೆಗೂ ಬರೆದವನು ವೆಲಾಸ್ಕೆತ್. ಮ್ಯಾಡ್ರಿಡ್ ನಗರದ ಪ್ರಾಡೋ ವಸ್ತುಸಂಗ್ರಹಾಲಯದಲ್ಲಿ ಈ ಅರಸರ ನಡುವೆ ನಡೆಯುವವನ ಕಣ್ಣಿಗೆ ಕಿರೀಟ ಮತ್ತು ಕವಚಗಳಿಗಿಂತ ಮೊದಲು ಬೀಳುವುದು ಗದ್ದ. ಮುಂದೆ ಚಾಚಿದ ಕೆಳದವಡೆ, ಜೋತ ದಪ್ಪ ಕೆಳತುಟಿ, ಚಪ್ಪಟೆಯಾಗಿ ಒಳಸರಿದಂತಿರುವ ಕೆನ್ನೆಯ ಭಾಗ. 'ಹ್ಯಾಪ್ಸ್‌ಬರ್ಗ್ ದವಡೆ' ಎಂದು ಇದಕ್ಕೆ ಹೆಸರೇ ಬಿದ್ದಿದೆ.

ಐದನೆಯ ಚಾರ್ಲ್ಸ್ ೧೫೦೦ರಲ್ಲಿ ಹುಟ್ಟಿದವನು. ಸ್ಪೇನ್, ಜರ್ಮನಿ, ನೆದರ್ಲೆಂಡ್ಸ್ ಮತ್ತು ಅಮೆರಿಕದ ವಿಶಾಲ ಭೂಭಾಗಗಳ ಒಡೆಯ. ೧೫೨೫ರಲ್ಲಿ ವೆನಿಸ್ ಗಣರಾಜ್ಯದ ರಾಯಭಾರಿ ಗ್ಯಾಸ್ಪರೋ ಕಾಂಟಾರಿನಿ ತನ್ನ ಸರಕಾರಕ್ಕೆ ಸಲ್ಲಿಸಿದ ವರದಿಯಲ್ಲಿ ಈ ಚಕ್ರವರ್ತಿಯ ದೇಹದಲ್ಲಿ ಹೆಸರಿಸಬೇಕಾದ ದೋಷ ಒಂದೇ, ಅದು ಕೆಳದವಡೆಯೆಂದು ತಿಳಿಸಿದ. ಬಾಯಿ ಮುಚ್ಚಿದಾಗ ಮೇಲಿನ ಹಲ್ಲು ಕೆಳಗಿನ ಹಲ್ಲಿಗೆ ಕೂಡುತ್ತಿರಲಿಲ್ಲ. ಮಾತಿನ ಕೊನೆಯ ಪದಗಳು ತೊದಲುತ್ತಿದ್ದವು. ಅರ್ಧ ಜಗತ್ತು ತಲೆಬಾಗಿದ ದೊರೆಗೆ ತನ್ನ ಗದ್ದವೇ ವಿಧೇಯವಾಗಿರಲಿಲ್ಲ. ಪಟಗಳಲ್ಲಿ ಕಾಣುವ ಅವನ ಗಡ್ಡ ಈ ಸಂಗತಿಯನ್ನು ಎಷ್ಟೋ ಮರೆಮಾಡಿದೆ.

ರಾಜ್ಯ ಪರರ ಕೈಗೆ ಹೋಗಬಾರದೆಂಬ ದೂರಾಲೋಚನೆಯಿಂದ ಈ ವಂಶದವರು ತಮ್ಮತಮ್ಮೊಳಗೇ ಕನ್ಯೆಯನ್ನು ತಂದರು. ಸ್ಪೇನಿನ ಶಾಖೆಯಲ್ಲಿ ನಡೆದ ೧೧ ರಾಜವಿವಾಹಗಳಲ್ಲಿ ೯ ಹತ್ತಿರದ ರಕ್ತಸಂಬಂಧದೊಳಗಿನವು. ಎರಡನೆಯ ಫಿಲಿಪ್ ತನ್ನ ತಂಗಿಯ ಮಗಳು ಆನಾಳನ್ನು ವರಿಸಿದ. ಅವನ ಮೊಮ್ಮಗ ನಾಲ್ಕನೆಯ ಫಿಲಿಪ್ ತನ್ನ ಏಕೈಕ ಪುತ್ರನಿಗೆ ತಂಗಿಯ ಮಗಳು ಮರಿಯಾನಾಳನ್ನು ನಿಶ್ಚಯಿಸಿದ್ದ. ೧೬೪೬ರಲ್ಲಿ ಮಗ ತೀರಿಕೊಂಡ. ರಾಜ್ಯಕ್ಕೆ ಉತ್ತರಾಧಿಕಾರಿ ಬೇಕಾಗಿತ್ತು. ೧೬೪೯ರಲ್ಲಿ ೪೪ ವರ್ಷದ ಸೋದರಮಾವ ೧೪ ವರ್ಷದ ಆ ಸೊಸೆಯನ್ನು ತಾನೇ ಮದುವೆಯಾದ.

ಇವರ ಮಗಳು ಮಾರ್ಗರೀಟಾ. ವೆಲಾಸ್ಕೆತ್ ೧೬೫೬ರಲ್ಲಿ ಬರೆದ ಜಗತ್ಪ್ರಸಿದ್ಧ 'ಲಾಸ್ ಮೆನಿನಾಸ್' ಚಿತ್ರದ ನಡುವೆ, ದಾಸಿಯರ ಮಧ್ಯದಲ್ಲಿ ಬೆಳಕಿನ ತುಣುಕಿನಂತೆ ನಿಂತಿರುವ ಮುದ್ದು ಬಾಲಿಕೆ ಅವಳೇ. ಅವಳೂ ತಾಯಿಯ ತಮ್ಮನಾದ ಚಕ್ರವರ್ತಿ ಲಿಯೋಪೋಲ್ಡನನ್ನು ಕೈಹಿಡಿದು ೨೧ನೆಯ ವಯಸ್ಸಿನಲ್ಲಿ ಕಣ್ಮುಚ್ಚಿದಳು. ಅವಳ ತಮ್ಮ ಫೆಲಿಪೆ ಪ್ರಾಸ್ಪೆರೋ ೧೬೬೧ರ ನವೆಂಬರ್ ೧ರಂದು ನಾಲ್ಕು ವರ್ಷ ತುಂಬುವ ಮೊದಲೇ ತೀರಿಕೊಂಡ. ಅರಮನೆಯಲ್ಲಿ ಶೋಕದ ಐದನೆಯ ದಿನ ಇನ್ನೊಂದು ಗಂಡುಮಗು ಹುಟ್ಟಿತು. ಆ ಮಗುವೇ ಎರಡನೆಯ ಚಾರ್ಲ್ಸ್.

ಮಾತು ಬಂದುದು ನಾಲ್ಕರ ಸುಮಾರಿಗೆ. ಸರಿಯಾಗಿ ನಡೆದುದು ಎಂಟರ ಸುಮಾರಿಗೆ. ಕೆಳದವಡೆ ಎಷ್ಟು ಮುಂದೆ ಸರಿದಿತ್ತೆಂದರೆ ಎರಡು ಸಾಲು ಹಲ್ಲುಗಳು ಒಂದನ್ನೊಂದು ಮುಟ್ಟುತ್ತಲೇ ಇರಲಿಲ್ಲ. ಅಗಿಯಲಾರದೆ ಅವನು ಆಹಾರವನ್ನು ಹಾಗೆಯೇ ನುಂಗುತ್ತಿದ್ದನೆಂದು ಇಂಗ್ಲೆಂಡಿನ ರಾಯಭಾರಿ ಅಲೆಕ್ಸಾಂಡರ್ ಸ್ಟ್ಯಾನ್‌ಹೋಪ್ ಬರೆದಿದ್ದಾನೆ. ಎರಡು ಮದುವೆಗಳಾದರೂ ಮಕ್ಕಳಾಗಲಿಲ್ಲ. ೧೭೦೦ರ ನವೆಂಬರ್ ೧ರಂದು, ಅಣ್ಣ ಸತ್ತ ದಿನಾಂಕದಂದೇ, ೩೯ ತುಂಬಲು ಐದು ದಿನ ಉಳಿದಿರುವಾಗ ಅವನೂ ಹೋದ. ಸ್ಪೇನಿನ ಹ್ಯಾಪ್ಸ್‌ಬರ್ಗ್ ವಂಶ ಅಲ್ಲಿಗೆ ನಿಂತಿತು. ಅವನ ಸಿಂಹಾಸನಕ್ಕಾಗಿ ಯುರೋಪು ೧೭೦೧ರಿಂದ ೧೭೧೪ರವರೆಗೆ ಕಾದಾಡಿತು. ರಾಜ್ಯ ಪರರ ಕೈಗೆ ಹೋಗಬಾರದೆಂದು ಮಾಡಿದ ಮದುವೆಗಳೇ ರಾಜ್ಯವನ್ನು ಪರರ ಕೈಗೆ ಕೊಟ್ಟವು.

ಒಂದೇ ತಪ್ಪಿನ ಎರಡು ಪ್ರತಿ

ಹೀಗೇಕಾಯಿತೆಂಬುದನ್ನು ಓಲೆಗರಿಯ ಉಪಮೆಯಿಂದ ವಿವರಿಸಬಹುದು. ಹಳೆಯ ಕಾವ್ಯವನ್ನು ಸಂಪಾದಿಸುವ ವಿದ್ವಾಂಸನು ಬೇರೆಬೇರೆ ಊರುಗಳ ಎರಡು ಪ್ರತಿಗಳನ್ನು ಮುಂದಿಟ್ಟುಕೊಳ್ಳುತ್ತಾನೆ. ಒಂದರಲ್ಲಿ ಲಿಪಿಕಾರ ತಪ್ಪಿದ ಕಡೆ ಇನ್ನೊಂದು ಸರಿಯಾದ ಪಾಠವನ್ನು ಕೊಡುತ್ತದೆ. ಆದರೆ ಎರಡು ಪ್ರತಿಗಳೂ ಒಂದೇ ಸದೋಷ ಮೂಲವನ್ನು ನೋಡಿ ಬರೆದವುಗಳಾದರೆ? ತಪ್ಪು ಎರಡರಲ್ಲಿಯೂ ಇರುತ್ತದೆ. ತಿದ್ದಲು ಆಧಾರವೇ ಇರುವುದಿಲ್ಲ. ಮನುಷ್ಯನ ವಂಶವಾಹಿಗಳೂ ಜೋಡಿಜೋಡಿಯಾಗಿಯೇ ಇರುತ್ತವೆ. ಜೋಡಿಯಲ್ಲಿ ಒಂದು ತಂದೆಯದು, ಒಂದು ತಾಯಿಯದು. ಹಲವು ದೋಷಗಳು ಒಂದು ಪ್ರತಿಯಲ್ಲಿ ಇದ್ದರೂ ಇನ್ನೊಂದರ ಬಲದಿಂದ ಅಡಗಿರುತ್ತವೆ. ತಂದೆತಾಯಿಯರು ಒಂದೇ ಮೂಲದವರಾದಾಗ ಎರಡೂ ಪ್ರತಿಗಳಲ್ಲಿ ಅದೇ ದೋಷ ಬಂದು ಕೂಡುವ ಸಂಭವ ಹೆಚ್ಚುತ್ತದೆ.

ಈ ಸಂಭವವನ್ನು ವಿಜ್ಞಾನಿಗಳು ಒಂದು ಸಂಖ್ಯೆಯಿಂದ ಅಳೆಯುತ್ತಾರೆ. ಸೋದರಿಕೆಯ ಅಣ್ಣತಂಗಿಯರ ಮಕ್ಕಳು ಮದುವೆಯಾದರೆ ಅವರ ಸಂತಾನಕ್ಕೆ ಆ ಸಂಖ್ಯೆ ೦.೦೬೨೫. ಸೋದರಮಾವ ಮತ್ತು ಸೋದರಸೊಸೆಯ ಸಂತಾನಕ್ಕೆ ೦.೧೨೫. ಒಡಹುಟ್ಟಿದವರಿಗೇ ಮಕ್ಕಳಾದರೆ ೦.೨೫. ಸ್ಪೇನಿನ ಸಂಶೋಧಕರು ೨೦೦೯ರಲ್ಲಿ ಈ ವಂಶದ ಲೆಕ್ಕ ಹಾಕಿದರು. ಮೂಲಪುರುಷ ಮೊದಲನೆಯ ಫಿಲಿಪನಲ್ಲಿ ೦.೦೨೫ ಇದ್ದುದು ಎರಡನೆಯ ಚಾರ್ಲ್ಸನಲ್ಲಿ ೦.೨೫೪ಕ್ಕೆ ಏರಿತ್ತು. ಅವನ ತಂದೆತಾಯಿಯರು ಹೆಸರಿಗೆ ಮಾವ ಸೊಸೆಯರಾದರೂ, ತಲೆಮಾರುಗಳ ಮದುವೆಗಳು ಒಂದರ ಮೇಲೊಂದು ಕೂಡಿ, ರಕ್ತದ ಲೆಕ್ಕದಲ್ಲಿ ಅವರು ಒಡಹುಟ್ಟಿದವರಿಗಿಂತ ಹತ್ತಿರದವರಾಗಿದ್ದರು. ೧೫೨೭ರಿಂದ ೧೬೬೧ರವರೆಗೆ ಈ ಮನೆಯಲ್ಲಿ ಹುಟ್ಟಿದ ೩೪ ಮಕ್ಕಳಲ್ಲಿ ಅರ್ಧದಷ್ಟು, ಅಂದರೆ ೧೭ ಮಕ್ಕಳು, ಹತ್ತು ವರ್ಷ ತುಂಬುವುದರೊಳಗೆ ಸತ್ತರು.

೨೦೧೯ರಲ್ಲಿ ಅದೇ ಸಂಶೋಧಕರ ಬಳಗ ದವಡೆಯ ಪ್ರಶ್ನೆಯನ್ನು ಕೈಗೆತ್ತಿಕೊಂಡಿತು. ವಂಶದ ೧೫ ಮಂದಿಯ ೬೬ ಭಾವಚಿತ್ರಗಳನ್ನು ಮುಖ ಮತ್ತು ದವಡೆಯ ೧೦ ಮಂದಿ ಶಸ್ತ್ರವೈದ್ಯರ ಮುಂದೆ ಇಟ್ಟು, ರೋಗಿಯನ್ನು ನೋಡುವಂತೆ ನೋಡಿ ಲಕ್ಷಣಗಳನ್ನು ಗುರುತಿಸಲು ಕೇಳಿಕೊಂಡರು. ರಕ್ತಸಂಬಂಧದ ಸಂಖ್ಯೆ ಏರಿದಂತೆಲ್ಲ ಕೆಳದವಡೆಯ ಚಾಚುವಿಕೆಯೂ ಏರಿದುದು ಕಂಡುಬಂತು. ಗದ್ದ ಎಲ್ಲರಿಗಿಂತ ಮುಂದೆ ಚಾಚಿದ್ದವನು ನಾಲ್ಕನೆಯ ಫಿಲಿಪ್. ಇನ್ನೊಂದು ಸಂಗತಿಯೂ ಹೊರಬಿತ್ತು. ಹಲವರಲ್ಲಿ ಕೆಳದವಡೆ ಮುಂದೆ ಬಂದುದು ಮಾತ್ರವಲ್ಲ, ಮೇಲ್ದವಡೆ ಸಾಲದಷ್ಟು ಬೆಳೆದಿತ್ತು. ಪರೀಕ್ಷಿಸಿದವರು ಕೇವಲ ೧೫ ಮಂದಿಯಾದುದರಿಂದ ಇದನ್ನು ಕೊನೆಯ ತೀರ್ಪೆಂದು ಹೇಳಲಾಗದು. ಆದರೂ ಮೇಲ್ದವಡೆಯ ಈ ವಿವರವನ್ನು ವಾಚಕರು ನೆನಪಿನಲ್ಲಿಡಬೇಕು. ಚಿಕಿತ್ಸೆಯ ಕೀಲಿಕೈ ಅಲ್ಲಿಯೇ ಇದೆ.

ಮುಖವೆಂಬ ಮನೆ ಕಟ್ಟುವ ಬಗೆ

ರಾಜಮನೆತನದ ಕಥೆ ಕೇಳಿದವರಿಗೆ ದವಡೆಗೆಲ್ಲ ಒಂದೇ ವಂಶವಾಹಿ ಕಾರಣವೆಂದು ತೋರಬಹುದು. ವಾಸ್ತವ ಹಾಗಿಲ್ಲ. ಗರ್ಭದ ನಾಲ್ಕನೆಯ ವಾರದಿಂದ ಎಂಟನೆಯ ವಾರದೊಳಗೆ ಐದು ಪುಟ್ಟ ಮೊಗ್ಗುಗಳು ಬೆಳೆದು ಒಂದನ್ನೊಂದು ಕೂಡಿ ಮಗುವಿನ ಮುಖವಾಗುತ್ತದೆ. ಈ ಕೆಲಸಕ್ಕೆ ಆಜ್ಞೆ ಕೊಡುವ ವಂಶವಾಹಿಗಳು ಅನೇಕ. ೨೦೧೨ರಲ್ಲಿ ಯುರೋಪಿನ ಸಾವಿರಾರು ಮಂದಿಯ ಮುಖಗಳನ್ನು ಅಳೆದವರಿಗೆ ಮುಖದ ಆಕಾರಕ್ಕೆ ಸಂಬಂಧಿಸಿದ ಐದು ವಂಶವಾಹಿಗಳು ಸಿಕ್ಕವು. ಮುಂದಿನ ವರ್ಷಗಳಲ್ಲಿ ಇಂಥ ತಾಣಗಳ ಸಂಖ್ಯೆ ನೂರನ್ನು ದಾಟಿತು. ಒಂದೊಂದರ ಪ್ರಭಾವವೂ ಕೂದಲೆಳೆಯಷ್ಟು. ಎಲ್ಲವೂ ಸೇರಿದಾಗ ಒಬ್ಬನ ಮುಖ. 'ನೂಲಿನಂತೆ ಸೀರೆ, ತಾಯಿಯಂತೆ ಮಗಳು' ಎಂಬ ಗಾದೆ ಸುಳ್ಳಲ್ಲ. ಆದರೆ ಈ ಸೀರೆಯಲ್ಲಿ ನೂರಾರು ನೂಲುಗಳಿವೆ.

ಹುಟ್ಟಿದ ಮೇಲೂ ಈ ಮನೆ ಒಂದೇ ಸಲಕ್ಕೆ ಏಳುವುದಿಲ್ಲ. ಮೊದಲು ಬೆಳೆದು ಮುಗಿಯುವುದು ತಲೆಬುರುಡೆ, ಬಳಿಕ ಮೇಲ್ದವಡೆ, ಎಲ್ಲಕ್ಕಿಂತ ಕೊನೆಗೆ ಕೆಳದವಡೆ. ಹದಿಹರೆಯದಲ್ಲಿ ಹುಡುಗ ಎತ್ತರವಾಗುವಾಗ ಅವನ ಕೆಳದವಡೆಯೂ ನೆಗೆದು ಬೆಳೆಯುತ್ತದೆ. ಹೆಣ್ಣುಮಕ್ಕಳಲ್ಲಿ ಈ ನೆಗೆತ ಬೇಗ ಬಂದು ಬೇಗ ನಿಲ್ಲುತ್ತದೆ. ಗಂಡುಮಕ್ಕಳಲ್ಲಿ ತಡವಾಗಿ ಬಂದು ಹೆಚ್ಚುಕಾಲ ನಡೆಯುತ್ತದೆ. ಎಂಟು ವರ್ಷಕ್ಕೆ ಅಷ್ಟಾಗಿ ಕಾಣದಿದ್ದ ಅಜ್ಜನ ಗದ್ದ ಹದಿನಾರಕ್ಕೆ ಎದ್ದು ಕಾಣುವುದು ಈ ಕಾರಣದಿಂದ.

ಹಲ್ಲುಗಳ ವಿಷಯದಲ್ಲಿ ಕೆಲವೊಮ್ಮೆ ಒಂದೇ ವಂಶವಾಹಿ ನಿರ್ಣಾಯಕವಾಗುವುದುಂಟು. ಕೆಲವು ಕುಟುಂಬಗಳಲ್ಲಿ ತಂದೆಗೂ ಮಕ್ಕಳಿಗೂ ಅವೇ ಹಲ್ಲುಗಳು ಹುಟ್ಟುವುದೇ ಇಲ್ಲ. ೧೯೯೬ರಲ್ಲಿ ಎಂಎಸ್‌ಎಕ್ಸ್–೧, ೨೦೦೦ದಲ್ಲಿ ಪ್ಯಾಕ್ಸ್–೯ ಎಂಬ ವಂಶವಾಹಿಗಳಲ್ಲಿ ಇದಕ್ಕೆ ಕಾರಣ ದೊರೆಯಿತು. ಇದಕ್ಕಿಂತ ಉಪಯುಕ್ತವಾದ ಶೋಧ ೨೦೦೮ರದು. ಕೆಲವರ ದವಡೆಹಲ್ಲುಗಳು ಮೂಳೆಯಿಂದ ಅರ್ಧ ಎದ್ದು ಅಲ್ಲಿಯೇ ನಿಂತುಬಿಡುತ್ತವೆ. ತಂತಿ ಕಟ್ಟಿ ಎಳೆದರೆ ಅವು ಬರುವುದಿಲ್ಲ. ಬದಲಾಗಿ ಮೂಳೆಗೆ ಬೆಸೆದುಕೊಂಡು, ಆಸರೆಯಾದ ಅಕ್ಕಪಕ್ಕದ ಒಳ್ಳೆಯ ಹಲ್ಲುಗಳೇ ಜಾಗ ತಪ್ಪುತ್ತವೆ. ಇಂಥ ಕುಟುಂಬಗಳಲ್ಲಿ ಪಿಟಿಎಚ್೧ಆರ್ ಎಂಬ ವಂಶವಾಹಿ ಕೆಟ್ಟಿರುವುದು ಆ ವರ್ಷ ತಿಳಿದುಬಂತು. ಆದುದರಿಂದ "ಮನೆಯಲ್ಲಿ ಇನ್ನಾರಿಗಾದರೂ ಹೀಗೆ ಉಂಟೆ?" ಎಂಬ ವೈದ್ಯರ ಪ್ರಶ್ನೆ ಆರೋಪವಲ್ಲ. ಅದಕ್ಕೆ ಬರುವ ಪ್ರಾಮಾಣಿಕ ಉತ್ತರದಿಂದ ಮಗುವಿಗೆ ವರ್ಷಗಳ ವ್ಯರ್ಥ ನೋವು ತಪ್ಪಬಹುದು.

ಅಪ್ಪನ ಹಲ್ಲು, ಅಮ್ಮನ ದವಡೆಯೆ?

ಒತ್ತೊತ್ತಾಗಿ ಹೆಣೆದುಕೊಂಡ ಹಲ್ಲುಗಳನ್ನು ಕಂಡಾಗ ಮನೆಗಳಲ್ಲಿ ಒಂದು ಮಾತು ಕೇಳಿಬರುತ್ತದೆ: ಹಲ್ಲು ಅಪ್ಪನ ಕಡೆಯ ದೊಡ್ಡ ಹಲ್ಲು, ದವಡೆ ಅಮ್ಮನ ಕಡೆಯ ಸಣ್ಣ ದವಡೆ, ಹಿಡಿಸಲಿಲ್ಲ. ಈ ಮಾತು ಒಂದು ಕಾಲಕ್ಕೆ ವಿಜ್ಞಾನದ ಮಾತೂ ಆಗಿತ್ತು. ಅಮೆರಿಕದ ಪ್ರೊಫೆಸರ್ ಚಾರ್ಲ್ಸ್ ಸ್ಟಾಕರ್ಡ್ ಬೇರೆಬೇರೆ ತಳಿಯ ನಾಯಿಗಳನ್ನು ಬೆರಸಿ, ಮರಿಗಳಲ್ಲಿ ಮೇಲ್ದವಡೆಗೂ ಕೆಳದವಡೆಗೂ ಹೊಂದಿಕೆ ತಪ್ಪಿದುದನ್ನು ತೋರಿಸಿದ. ೧೯೪೧ರಲ್ಲಿ ಪ್ರಕಟವಾದ ಈ ಪ್ರಯೋಗಗಳಿಂದ ಹಲವರು ಮನುಷ್ಯರಲ್ಲಿಯೂ ಜನಾಂಗಗಳು ಬೆರೆತದ್ದೇ ವಕ್ರದಂತಕ್ಕೆ ಕಾರಣವೆಂದು ಊಹಿಸಿದರು.

ಆದರೆ ಕೆಲವು ನಾಯಿತಳಿಗಳಲ್ಲಿ ಮೂಳೆಯನ್ನು ಕುಗ್ಗಿಸುವ ವಿಶೇಷ ವಂಶವಾಹಿಯೊಂದುಂಟು. ಮನುಷ್ಯರಲ್ಲಿ ಅಂಥದು ಅತ್ಯಪರೂಪ. ಈ ಊಹೆಗೆ ನಿಜವಾದ ಪರೀಕ್ಷೆ ಹವಾಯಿ ದ್ವೀಪಗಳಲ್ಲಿ ನಡೆಯಿತು. ಅಲ್ಲಿ ಪಾಲಿನೇಷಿಯದವರು, ಚೀನೀಯರು, ಜಪಾನೀಯರು, ಯುರೋಪಿನವರು ತಲೆಮಾರುಗಳಿಂದ ಬೆರೆತು ಮದುವೆಯಾಗಿದ್ದರು. ೧೯೭೧ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅವರ ಮಕ್ಕಳಲ್ಲಿ ಅಂಥ ವಿಪರೀತ ಹೊಂದಿಕೆಗೇಡು ಕಾಣಲಿಲ್ಲ. ಎರಡು ಕಡೆಯ ಗುಣಗಳು ಮೆಲ್ಲನೆ ಕೂಡಿಕೊಂಡಿದ್ದವೇ ಹೊರತು ಹೊಡೆದಾಡಿರಲಿಲ್ಲ. ಅಪ್ಪನ ಕಡೆ, ಅಮ್ಮನ ಕಡೆ ಎಂದು ಮನೆಯಲ್ಲಿ ನಡೆಯುವ ಜಗಳಕ್ಕೆ ಹವಾಯಿಯ ಮಕ್ಕಳು ಆಗಲೇ ಉತ್ತರ ಕೊಟ್ಟಿದ್ದಾರೆ.

ಅವಳಿಮಕ್ಕಳನ್ನೂ ಒಡಹುಟ್ಟಿದವರನ್ನೂ ಅಳೆದ ಅಧ್ಯಯನಗಳಿಂದ ಇನ್ನೊಂದು ಭೇದ ಸ್ಪಷ್ಟವಾಯಿತು. ದವಡೆಯ ಮೂಳೆಯ ಉದ್ದ, ಮುಖದ ಎತ್ತರ ಮೊದಲಾದವುಗಳ ಮೇಲೆ ಆನುವಂಶಿಕತೆಯ ಹಿಡಿತ ಬಲವಾಗಿದೆ. ಹಲ್ಲುಗಳು ಆ ಮೂಳೆಯ ಮೇಲೆ ಹೇಗೆ ಸಾಲುಗೂಡಿವೆ, ಎಷ್ಟು ತಿರುಗಿವೆ, ಎಷ್ಟು ಒತ್ತಿಕೊಂಡಿವೆ ಎಂಬುದರ ಮೇಲೆ ಆ ಹಿಡಿತ ಸಡಿಲ. ಮನೆಯ ಅಡಿಪಾಯ ಹಿರಿಯರದು. ಒಳಗಿನ ಸಾಮಾನಿನ ಜೋಡಣೆ ಬಹುಮಟ್ಟಿಗೆ ಬಾಳುವವರದು.

ಕಡಲೆ ಮತ್ತು ಹಲ್ಲು

ಹಾಗಾದರೆ ಜೋಡಣೆಯನ್ನು ಕೆಡಿಸುವುದು ಯಾವುದು? ಅಮೆರಿಕದ ಮಾನವಶಾಸ್ತ್ರಜ್ಞ ರಾಬರ್ಟ್ ಕೊರುಚ್ಚೀನಿ ಬೊಟ್ಟು ಮಾಡಿದ್ದು ಅಡಿಗೆಮನೆಯ ಕಡೆಗೆ. ೧೯೮೨ರಲ್ಲಿ ಅವನೂ ಅವನ ಸಹೋದ್ಯೋಗಿಯೂ ಅಳಿಲುಕೋತಿಗಳೆಂಬ ಸಣ್ಣ ಕೋತಿಗಳಲ್ಲಿ ಕೆಲವಕ್ಕೆ ಗಟ್ಟಿ ಆಹಾರವನ್ನೂ ಕೆಲವಕ್ಕೆ ಮೆತ್ತನೆಯ ಆಹಾರವನ್ನೂ ಕೊಟ್ಟು ಬೆಳೆಸಿದ ಪ್ರಯೋಗ ಪ್ರಕಟವಾಯಿತು. ಮೆತ್ತನೆಯದನ್ನು ತಿಂದ ಕೋತಿಗಳ ಹಲ್ಲುಗಳು ಹೆಚ್ಚು ಅಡ್ಡಾದಿಡ್ಡಿಯಾಗಿದ್ದವು. ೧೯೮೩ರಲ್ಲಿ ಭಾರತೀಯ ಸಹೋದ್ಯೋಗಿಗಳೊಡನೆ ಅವನು ಪ್ರಕಟಿಸಿದ ಉತ್ತರ ಭಾರತದ ಸಮೀಕ್ಷೆಯಲ್ಲಿಯೂ ಹಳ್ಳಿಯ ಯುವಜನರಿಗಿಂತ ಪಟ್ಟಣದವರಲ್ಲಿ ಹಲ್ಲಿನ ಹೊಂದಿಕೆಗೇಡು ಹೆಚ್ಚಾಗಿತ್ತು. ಪಟ್ಟಣ ಸೇರಿದ ಒಂದೆರಡು ತಲೆಮಾರಿನಲ್ಲಿ ರಕ್ತ ಬದಲಾಗುವುದಿಲ್ಲ, ಬದಲಾಗುವುದು ಊಟ. ಅಗಿಯುವ ಕೆಲಸವಿಲ್ಲದ ದವಡೆ ತನ್ನ ಪೂರ್ಣ ಅಳತೆಗೆ ಬೆಳೆಯುವುದಿಲ್ಲವೆಂಬುದು ಅವನ ವಾದ. ಹಲ್ಲಿದ್ದವರಿಗೆ ಕಡಲೆಯಿಲ್ಲ, ಕಡಲೆಯಿದ್ದವರಿಗೆ ಹಲ್ಲಿಲ್ಲ ಎಂಬ ಹಳೆಯ ಮಾತಿಗೆ ಹೀಗೊಂದು ಹೊಸ ಅರ್ಥ ಹುಟ್ಟಿತು: ಕಡಲೆಯಿಲ್ಲದಿದ್ದರೆ ಹಲ್ಲಿಗೆ ನೆಲೆಯೂ ಇಲ್ಲ.

ಉಸಿರಾಟವೂ ಇದರಲ್ಲಿ ಪಾಲುಗಾರ. ಈಗಿಲ್ ಹಾರ್ವೋಲ್ಡ್ ಎಂಬ ವಿಜ್ಞಾನಿ ಎಳೆಯ ಕೋತಿಗಳ ಮೂಗನ್ನು ಮುಚ್ಚಿ ಬಾಯಿಂದಲೇ ಉಸಿರಾಡುವಂತೆ ಮಾಡಿದಾಗ ಅವುಗಳ ದವಡೆಯ ಬೆಳವಣಿಗೆಯೇ ದಾರಿ ಬದಲಿಸಿತು. ವರ್ಷಗಟ್ಟಲೆ ಬೆರಳು ಚೀಪುವ ಮಗುವಿನ ಮೇಲುಹಲ್ಲು ಉಬ್ಬುವುದನ್ನು ಯಾವ ಅಜ್ಜಿಯೂ ಬಲ್ಲಳು. ಹಾಲುಹಲ್ಲು ಹುಳುಕಾಗಿ ಹೊತ್ತಿಗೆ ಮೊದಲೇ ಬಿದ್ದರೆ ಪಕ್ಕದ ಹಲ್ಲು ಆ ಜಾಗಕ್ಕೆ ವಾಲಿ, ಬರಬೇಕಾದ ಹಲ್ಲಿಗೆ ದಾರಿಯಿಲ್ಲದಾಗುತ್ತದೆ. 'ಹೇಗೂ ಬಿದ್ದುಹೋಗುವ ಹಲ್ಲು' ಎಂಬ ಉದಾಸೀನಕ್ಕೆ ಮಗು ಮುಂದೆ ದಂಡ ತೆರುತ್ತದೆ. ಇವೆಲ್ಲ ವಂಶದ ಕೈಯಲ್ಲಿಲ್ಲ, ಮನೆಯ ಕೈಯಲ್ಲಿವೆ.

ತಂತಿಯ ಶಕ್ತಿ, ತಂತಿಯ ಮಿತಿ

ಜನ 'ಕ್ಲಿಪ್ ಹಾಕಿಸುವುದು' ಎನ್ನುವ ಚಿಕಿತ್ಸೆಯ ಗುಟ್ಟು ಸರಳವಾದುದು. ಹಲ್ಲು ಮೂಳೆಯಲ್ಲಿ ಗೂಟದಂತೆ ಹೂತಿಲ್ಲ. ಕಾಲು ಮಿಲಿಮೀಟರಿನಷ್ಟೂ ದಪ್ಪವಿಲ್ಲದ ನಾರಿನ ಪದರವೊಂದು ಎರಡರ ನಡುವೆ ಇದೆ. ತಂತಿ ಹಲ್ಲನ್ನು ಮೆಲ್ಲನೆ ಒತ್ತಿದಾಗ ಒತ್ತಡ ಬಿದ್ದ ಕಡೆ ಮೂಳೆ ಕರಗುತ್ತದೆ. ಎಳೆತ ಬಿದ್ದ ಕಡೆ ಹೊಸ ಮೂಳೆ ಕಟ್ಟುತ್ತದೆ. ಹೀಗೆ ಹಲ್ಲು ತಿಂಗಳಿಗೆ ಸುಮಾರು ಒಂದು ಮಿಲಿಮೀಟರಿನಂತೆ ಸಾಗುತ್ತದೆ. ಅವಸರಕ್ಕೆ ಇಲ್ಲಿ ಎಡೆಯಿಲ್ಲ. ಸಾಗಿದ ಹಲ್ಲನ್ನು ಹೊಸ ಜಾಗದಲ್ಲಿ ನಿಲ್ಲಿಸಲು ಚಿಕಿತ್ಸೆಯ ಬಳಿಕವೂ ಬಹುಕಾಲ ಬಿಗಿಪಟ್ಟಿಯೊಂದನ್ನು ಧರಿಸಬೇಕಾಗುತ್ತದೆ.

ಆನುವಂಶಿಕತೆಯ ಪ್ರಶ್ನೆ ಈ ವಿದ್ಯೆಯ ಹುಟ್ಟಿನೊಡನೆಯೇ ಜಗಳ ಹಚ್ಚಿತು. ಇದರ ಪಿತಾಮಹನೆನಿಸಿದ ಎಡ್ವರ್ಡ್ ಆಂಗಲ್, ನಿಸರ್ಗ ಕೊಟ್ಟ ಎಲ್ಲ ಹಲ್ಲುಗಳಿಗೂ ದವಡೆಯಲ್ಲಿ ಸ್ಥಳವುಂಟು, ಸರಿಯಾಗಿ ಜೋಡಿಸಿದರೆ ಮೂಳೆ ತಾನೇ ಬೆಳೆದುಕೊಳ್ಳುವುದು, ಒಂದನ್ನೂ ಕೀಳಕೂಡದು ಎಂದ. ಕ್ಯಾಲ್ವಿನ್ ಕೇಸ್ ಎಂಬವನು ಹಿರಿಯರಿಂದ ಬಂದ ಮೂಳೆಯ ಅಳತೆಯನ್ನು ತಂತಿ ಮೀರಲಾರದು, ಕೆಲವರಿಗೆ ಹಲ್ಲು ಕೀಳಲೇಬೇಕೆಂದು ೧೯೧೧ರಲ್ಲಿ ಎದುರುವಾದ ಹೂಡಿದ. ಅಂದು ಗೆದ್ದದ್ದು ಆಂಗಲ್‌ನ ಪಕ್ಷ. ಅವನು ೧೯೩೦ರಲ್ಲಿ ತೀರಿಕೊಂಡ ಮೇಲೆ ಅವನ ಶಿಷ್ಯನೇ ಆದ ಚಾರ್ಲ್ಸ್ ಟ್ವೀಡ್, ತಾನು ಗುರುವಿನ ಮತದಂತೆ ಜೋಡಿಸಿದ್ದ ಹಲ್ಲುಗಳು ಮತ್ತೆ ಕೆಟ್ಟುದನ್ನು ಕಂಡು, ಅದೇ ರೋಗಿಗಳಿಗೆ ಹಲ್ಲು ತೆಗೆದು ಮರುಚಿಕಿತ್ಸೆ ಮಾಡಿದ. ತನ್ನ ಸೋಲನ್ನು ತಾನೇ ಒಪ್ಪಿಕೊಳ್ಳುವ ಆ ಧೈರ್ಯ ಗುರುಭಕ್ತಿಗಿಂತ ಕಡಿಮೆಯದೇನಲ್ಲ. ಇಂದು ವೈದ್ಯರು ಪ್ರತಿಯೊಬ್ಬರ ದವಡೆಯನ್ನೂ ಅಳೆದು, ಅಗತ್ಯವಿದ್ದವರಿಗೆ ಮಾತ್ರ ಹಲ್ಲು ತೆಗೆಯುತ್ತಾರೆ. ತಲೆಯನ್ನು ಒಂದೇ ಭಂಗಿಯಲ್ಲಿ ನಿಲ್ಲಿಸಿ ಕ್ಷಕಿರಣದ ಚಿತ್ರ ತೆಗೆಯುವ ವಿಧಾನ ೧೯೩೧ರಲ್ಲಿ ಬಂದುದರಿಂದ ಈ ಅಳತೆ ಸಾಧ್ಯವಾಯಿತು.

ಇನ್ನು ಚಾಚಿದ ಕೆಳದವಡೆಯ ಮಾತು. 'ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ?' ಎಂಬ ಗಾದೆಯನ್ನು ನಂಬಿ ಹಿಂದಿನ ವೈದ್ಯರು ಎಳೆಯರ ಗದ್ದಕ್ಕೆ ಬಟ್ಟಲಿನಂಥ ಸಾಧನ ತೊಡಿಸಿ ಹಿಂದಕ್ಕೆ ಒತ್ತಿಡುತ್ತಿದ್ದರು. ಮೊದಮೊದಲು ಗುಣ ಕಾಣುತ್ತಿತ್ತು. ಜಪಾನಿನಲ್ಲಿ ಇಂಥ ಮಕ್ಕಳನ್ನು ವರ್ಷಗಟ್ಟಲೆ ಹಿಂಬಾಲಿಸಿ ನೋಡಿದಾಗ, ಹದಿಹರೆಯದ ಬೆಳವಣಿಗೆ ಗಳಿಸಿದ್ದನ್ನೆಲ್ಲ ಮರಳಿ ಕಸಿದುಕೊಂಡದ್ದು ತಿಳಿಯಿತು. ಕೆಳದವಡೆ ವಂಶದ ಮಾತನ್ನು ಕೇಳುವಷ್ಟು ಬಟ್ಟಲಿನ ಮಾತನ್ನು ಕೇಳುವುದಿಲ್ಲ.

ಆದರೆ ಮೇಲ್ದವಡೆ ಅಷ್ಟು ಹಠಮಾರಿಯಲ್ಲ. ಇಂಥ ಮುಖವುಳ್ಳ ಬಹುಮಂದಿಯಲ್ಲಿ, ಹ್ಯಾಪ್ಸ್‌ಬರ್ಗ್ ಅರಸರಲ್ಲಿ ಕಂಡಂತೆಯೇ, ದೋಷದ ಒಂದು ಪಾಲು ಹಿಂದುಳಿದ ಮೇಲ್ದವಡೆಯದು. ಅದನ್ನು ಸುತ್ತಣ ಮೂಳೆಗಳಿಗೆ ಸೇರಿಸುವ ಹೊಲಿಗೆಗಳು ಬಾಲ್ಯದಲ್ಲಿ ಇನ್ನೂ ಸಡಿಲವಾಗಿರುತ್ತವೆ. ಹಣೆ ಮತ್ತು ಗದ್ದಗಳ ಆಸರೆಯಿಂದ ನಿಲ್ಲುವ ಮುಖಚೌಕಟ್ಟೊಂದಕ್ಕೆ ರಬ್ಬರಿನ ಎಳೆಗಳನ್ನು ಕಟ್ಟಿ, ದಿನಕ್ಕೆ ಹನ್ನೆರಡು ಹದಿನಾಲ್ಕು ಗಂಟೆ ತೊಟ್ಟರೆ, ಮೇಲ್ದವಡೆಯನ್ನು ಮುಂದಕ್ಕೆ ತರಬಹುದು. ಈ ಕೆಲಸ ಹತ್ತು ವರ್ಷದೊಳಗಿದ್ದರೆ ಚೆನ್ನಾಗಿ ನಡೆಯುತ್ತದೆ. ಅನಂತರ ಹೊಲಿಗೆ ಬಿಗಿಯುತ್ತಾ ಹೋಗುತ್ತದೆ. ಮಕ್ಕಳಿಗೆ ಏಳು ವರ್ಷವಾಗುವುದರೊಳಗೆ ಒಮ್ಮೆ ತಜ್ಞರಿಗೆ ತೋರಿಸಬೇಕೆಂದು ಅಮೆರಿಕದ ದಂತತಜ್ಞರ ಸಂಘ ಹೇಳುವುದಕ್ಕೆ ಇಂಥವು ಕಾರಣ.

ಹಾಗೆಂದು ಎಲ್ಲಕ್ಕೂ ಅವಸರಪಡಬೇಕೆಂದಲ್ಲ. ಮೇಲುಹಲ್ಲು ಉಬ್ಬಿ ಕೆಳದವಡೆ ಹಿಂದುಳಿದ ಮಕ್ಕಳಿಗೆ ಎಂಟೊಂಬತ್ತರಲ್ಲೇ ಆರಂಭಿಸಿದ ಚಿಕಿತ್ಸೆಗೂ ಹದಿಹರೆಯದಲ್ಲಿ ಮಾಡಿದ ಚಿಕಿತ್ಸೆಗೂ ಕೊನೆಯ ಫಲದಲ್ಲಿ ಹೆಚ್ಚು ಅಂತರವಿಲ್ಲವೆಂದು ಅಮೆರಿಕ ಮತ್ತು ಇಂಗ್ಲೆಂಡಿನ ಪರೀಕ್ಷೆಗಳು ತೋರಿಸಿವೆ. ಯಾವುದಕ್ಕೆ ಬೇಗ, ಯಾವುದಕ್ಕೆ ತಾಳ್ಮೆ ಎಂಬ ವಿವೇಕವೇ ಈ ವಿದ್ಯೆಯ ಸಾರ.

ಹೊತ್ತು ಮೀರಿದವರಿಗೂ ದಾರಿ ಮುಚ್ಚಿಲ್ಲ. ಬೆಳವಣಿಗೆ ಪ್ರಬಲವಾಗಿದ್ದರೆ, ಅದು ಪೂರ್ಣ ನಿಲ್ಲುವವರೆಗೆ ಕಾದು, ಮೂಳೆಯನ್ನೇ ಕತ್ತರಿಸಿ ಸರಿಯಾದ ಸ್ಥಾನದಲ್ಲಿ ಕೂಡಿಸುವ ಶಸ್ತ್ರಚಿಕಿತ್ಸೆಯುಂಟು. ಕೆನ್ನೆಯ ಹೊರಗೆ ಗಾಯದ ಗುರುತಿಲ್ಲದಂತೆ ಬಾಯೊಳಗಿನಿಂದಲೇ ಕೆಳದವಡೆಯನ್ನು ಸೀಳಿ ಸರಿಸುವ ವಿಧಾನವನ್ನು ಟ್ರೌನರ್ ಮತ್ತು ಹ್ಯೂಗೋ ಓಬ್‌ವೆಗೆಸರ್ ೧೯೫೭ರಲ್ಲಿ ಪ್ರಪಂಚದ ಮುಂದಿಟ್ಟರು. ಐದನೆಯ ಚಾರ್ಲ್ಸ್ ಚಕ್ರವರ್ತಿಗೆ ಸಾಮ್ರಾಜ್ಯವನ್ನೇ ಕೊಟ್ಟರೂ ದೊರೆಯದಿದ್ದ ಸೌಲಭ್ಯ ಇಂದು ಒಬ್ಬ ಗುಮಾಸ್ತನ ಮಗನಿಗೂ ದೊರೆಯಬಹುದಾಗಿದೆ.

ನಮ್ಮ ಮನೆಗಳ ಮಾತು

ಮಾವ ಸೊಸೆಯರ ಮದುವೆಯ ಕಥೆಯನ್ನು ಸ್ಪೇನಿನದೆಂದು ದೂರದಿಂದ ಓದಿ ಮಡಿಸಿಡುವಂತಿಲ್ಲ. ಅಕ್ಕನ ಮಗಳನ್ನು ತರುವುದು, ಸೋದರತ್ತೆಯ ಮಗನಿಗೆ ಕೊಡುವುದು ಕನ್ನಡ ನಾಡಿನಲ್ಲಿ ಹಳೆಯ ರೂಢಿ. ಆಸ್ತಿ ಹೊರಗೆ ಹೋಗದು, ಹೆಣ್ಣು ಪರಕೀಯರ ಮನೆ ಸೇರಿ ಕಣ್ಣೀರಿಡಳು ಎಂಬುದು ಇದರ ಹಿಂದಿನ ಭಾವ. ೧೯೮೦ರ ದಶಕದಲ್ಲಿ ಕರ್ನಾಟಕದ ನವಜಾತ ಶಿಶುಗಳ ತಪಾಸಣೆಯೊಡನೆ ನಡೆದ ಅಧ್ಯಯನದಲ್ಲಿ ಇಂಥ ಮದುವೆಗಳು ನೂರಕ್ಕೆ ಮೂವತ್ತರ ಆಸುಪಾಸಿನಲ್ಲಿದ್ದವು. ಇಂಥ ದಂಪತಿಗಳ ಮಕ್ಕಳಿಗೆಲ್ಲ ದವಡೆ ಚಾಚುವುದೆಂದು ಅಂಜಬೇಕಾಗಿಲ್ಲ; ಅವರಲ್ಲಿ ಬಹುಪಾಲು ಆರೋಗ್ಯವಂತರೇ. ಆದರೆ ಒಂದೇ ಮನೆಯೊಳಗೆ ತಲೆಮಾರು ತಲೆಮಾರಿಗೂ ಅದೇ ಸಂಬಂಧ ಮರುಕಳಿಸಿದಾಗ ಲೆಕ್ಕ ಬೆಳೆಯುತ್ತಾ ಹೋಗುವುದೆಂಬ ಪಾಠವನ್ನು ಮರೆಯಬಾರದು.

ಇನ್ನೊಂದು ಭ್ರಮೆಯೂ ಹೋಗಬೇಕು. ತಂತಿಯೂ ಶಸ್ತ್ರವೂ ತಿದ್ದುವುದು ಆ ಒಬ್ಬರ ಮುಖವನ್ನು, ಅವರ ವಂಶವಾಹಿಗಳನ್ನಲ್ಲ. ಸಾಲಾದ ಹಲ್ಲಿನ ತಾಯಿಗೆ ತನ್ನ ಬಾಲ್ಯದ ಹಲ್ಲುಳ್ಳ ಮಗಳು ಹುಟ್ಟಿದರೆ ಅದು ವೈದ್ಯರ ಸೋಲಲ್ಲ. ತಾಯಿ ತನ್ನ ಹಳೆಯ ಭಾವಚಿತ್ರವನ್ನು ಬಚ್ಚಿಡದೆ ವೈದ್ಯರಿಗೆ ತೋರಿಸಿದರೆ, ಮಗಳಿಗೆ ತನಗಿಂತ ಮೊದಲೇ ಸಹಾಯ ಸಿಗುತ್ತದೆ.

ದಂತವೈದ್ಯರ ಕೋಣೆಯಲ್ಲಿ ಕುಳಿತ ಆ ಹುಡುಗನಿಗೆ ಈಗ ಹನ್ನೆರಡು. ಮುಖಚೌಕಟ್ಟಿನ ಒಳ್ಳೆಯ ಕಾಲ ಬಹುಮಟ್ಟಿಗೆ ಕಳೆದಿದೆ. ಅವನ ದವಡೆ ಇನ್ನೆಷ್ಟು ಬೆಳೆಯುವುದೆಂಬುದನ್ನು ವೈದ್ಯರು ವರ್ಷವರ್ಷವೂ ಅಳೆಯಬೇಕು. ಸಾಧ್ಯವಾದರೆ ತಂತಿಯಿಂದ, ಇಲ್ಲವೆ ಬೆಳವಣಿಗೆ ನಿಂತ ಮೇಲೆ ಶಸ್ತ್ರದಿಂದ ಸರಿಪಡಿಸಬೇಕು. ಅದಕ್ಕಾಗಿ ಅವರಿಗೆ ಮೊದಲು ಬೇಕಾದುದು ಅಜ್ಜನ ಭಾವಚಿತ್ರ. ಹುಡುಗನಿಗೆ ಬೇಕಾದುದು ಇನ್ನೊಂದು. ಗೋಡೆಯ ಕಡೆ ನೋಡುತ್ತಿರುವ ತಂದೆ ಈ ಕಡೆ ತಿರುಗಿ, "ಈ ಗದ್ದ ನಮ್ಮ ತಂದೆಯದು, ಮಗು, ಅವರು ಬಹಳ ಒಳ್ಳೆಯ ಮನುಷ್ಯರಾಗಿದ್ದರು" ಎಂದು ಹೇಳಿದರೆ, ಚಿಕಿತ್ಸೆಯ ಮೊದಲ ಅರ್ಧ ಅಲ್ಲಿಯೇ ಮುಗಿದಂತೆ.